ಕಡಲಿಗೆ ಅಂಟಿಕೊಂಡ ಹಳೇ ರೆಸಾರ್ಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಓದುಗರಿಂದ ಕರಾವಳಿಯ ಬಗ್ಗೆಯೇ ಪತ್ರಗಳು ಬರತೊಡಗಿವೆ. ಒಂದೇ ಥರದವನ್ನು ಒಟ್ಟು ಮಾಡಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರ: ಗೋಕರ್ಣದ ಕಡೆ ಎರಡು ರಾತ್ರಿ ಉಳಿಯುವ ಯೋಚನೆ. ಒಂದು ರೆಸಾರ್ಟ್ ಕಡಲಿಗೆ ಅಂಟಿಕೊಂಡೇ ಇದೆ, ಆದರೆ ಪರದೆ, ಸೋಫಾ, ಬಾತ್‌ರೂಮ್ ಟೈಲ್ಸ್ ಎಲ್ಲ ಮೂವತ್ತು ವರ್ಷ ಹಿಂದಿನವು ಎಂದು ಫೋಟೊದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಹೊಸದು, ಥಳಥಳ ಅನ್ನುತ್ತಿದೆ, ಕಡಲು ಮಾತ್ರ ಅರ್ಧ ಕಿಲೋಮೀಟರ್ ದೂರ. ಬಾಡಿಗೆ ಹೆಚ್ಚುಕಡಿಮೆ ಒಂದೇ. ಯಾವುದಕ್ಕೆ ಹೋಗೋಣ? — ಮಲ್ಲೇಶ್ವರ

ಉ: ಎರಡೇ ರಾತ್ರಿಗಾದರೆ ನಮ್ಮ ಮತ ಹಳೇದಕ್ಕೇ. ನೀವು ದುಡ್ಡು ಕೊಡುತ್ತಿರುವುದು ಸೋಫಾಕ್ಕಲ್ಲ, ಜಾಗಕ್ಕೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಏರುವ ಮೇಲಿನ ಗೆರೆಯಿಂದ, 500 ಮೀಟರ್‌ವರೆಗಿನ ನೆಲ ಅದರ ಹಿಡಿತಕ್ಕೆ ಬಂತು. ಹಳ್ಳಿಗಾಡಿನ ತೀರಗಳಲ್ಲಿ ಮೊದಲ 200 ಮೀಟರ್ ಒಳಗೆ ಹೊಸ ಹೋಟೆಲ್ ಎಬ್ಬಿಸುವಂತಿಲ್ಲ ಎಂದಾಯಿತು. ಆಮೇಲೆ ನಿಯಮಕ್ಕೆ ಹಲವು ತಿದ್ದುಪಡಿಗಳಾಗಿವೆ, ನಿಜ. ಆದರೂ ಬಾಗಿಲು ತೆಗೆದರೆ ಮರಳು ಎನ್ನುವಂಥ ಕಟ್ಟಡ ಸಕ್ರಮವಾಗಿದ್ದರೆ, ಅದು ಸಾಮಾನ್ಯವಾಗಿ ಆ ಗೆರೆ ಎಳೆಯುವುದಕ್ಕೂ ಮುಂಚಿನದು. (ಸಕ್ರಮವಲ್ಲದವೂ ಇವೆ. ಆ ಮಾತು ಬೇರೆ.)

ಹಳೇ ನಕ್ಷೆಗೆ ಇನ್ನೊಂದು ಗುಣವಿದೆ. ಎ.ಸಿ. ಅಪರೂಪವಾಗಿದ್ದ ಕಾಲದಲ್ಲಿ ಕಟ್ಟಿದ್ದರಿಂದ ಜಗಲಿ ಅಗಲ, ಸೂರು ಮುಂದಕ್ಕೆ ಚಾಚಿದ್ದು, ಎದುರುಬದುರು ಕಿಟಕಿ. ಕೇರಳದ ಕೋವಳಂನಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಗುಡ್ಡದ ಇಳಿಜಾರಿಗೇ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳನ್ನು ಜೋಡಿಸಿ ಕಡಲ ನೋಟ ಸಿಗುವಂತೆ ಮಾಡಿದ್ದು ಆ ಕಾಲದಲ್ಲೇ.

ಆದರೆ ಹಳೇದು ಬೇರೆ, ಕೈಬಿಟ್ಟದ್ದು ಬೇರೆ. ಮಾಸಿದ ಪರದೆ, ಅಂಚಿನಲ್ಲಿ ಕಪ್ಪು ಚುಕ್ಕೆ ಬಿದ್ದ ಕನ್ನಡಿ, ಉಬ್ಬಿದ ಬಾಗಿಲು ಇವುಗಳಿಂದ ಯಾರಿಗೂ ಏನೂ ಆಗುವುದಿಲ್ಲ. ಉಬ್ಬಿದ ಬಾಗಿಲನ್ನು ಹಿಡಿಕೆ ಹಿಡಿದು ತುಸು ಮೇಲೆತ್ತಿ ತಳ್ಳಿದರೆ ಸಾಕು. ನೋಡಬೇಕಾದ್ದು ಬಾಲ್ಕನಿಯನ್ನು. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ನಿಮ್ಮ ಬಾಲ್ಕನಿಯ ಅಡಿಭಾಗವನ್ನು ಕೆಳಗೆ ನಿಂತು ನೋಡಿ. ಸರಳಿನ ಸಾಲಿಗೇ ಕಂದು ಗೆರೆ ಮೂಡಿದ್ದರೆ ಎಚ್ಚರ. ಗಾರೆ ಚಕ್ಕೆ ಬಿದ್ದು ಸರಳು ಹೊರಗೆ ಕಾಣುತ್ತಿದ್ದರೆ ಆ ಕೋಣೆ ಬೇಡ. ಬಾಲ್ಕನಿಯ ತಡೆಕಂಬಿಯನ್ನು ಮೇಲೆ ಹಿಡಿದು ಅಲ್ಲಾಡಿಸಿ, ಕಣ್ಣು ಮಾತ್ರ ಬುಡದ ಮೇಲಿರಲಿ. ತುಕ್ಕು ತಿನ್ನುವುದು ಕಂಬಿ ನೆಲಕ್ಕೆ ಸೇರುವ ಜಾಗದಲ್ಲೇ, ಅದೂ ಹೊಸ ಬಣ್ಣದ ಕೆಳಗೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಎ.ಸಿ. ಹಾಕಿ ಎಷ್ಟು ವರ್ಷವಾಯಿತು? ಕರೆಂಟ್ ಹೋದರೆ ಜನರೇಟರ್‌ನಲ್ಲಿ ಎ.ಸಿ. ನಡೆಯುತ್ತದೋ, ಬರೀ ಫ್ಯಾನು-ದೀಪವೋ? ನಮಗೆ ಕೊಡುವ ಕೋಣೆಯ ವಿಡಿಯೊವನ್ನು, ನಲ್ಲಿ ತಿರುಗಿಸಿ ನೀರು ಬಿಟ್ಟು ತೋರಿಸಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೀರಾ? ಮೂರನೆಯದಕ್ಕೆ ‘ವೆಬ್‌ಸೈಟಲ್ಲಿ ಫೋಟೊ ಇದೆಯಲ್ಲ ಸರ್’ ಎಂಬ ಉತ್ತರ ಬಂದರೆ, ಉತ್ತರ ಬಂದ ಹಾಗೆಯೇ.

ಪ್ರ: ಏಪ್ರಿಲ್ ಕೊನೆಗೆ ಮಲ್ಪೆ ಕಡೆ ಹೋಗುತ್ತೇವೆ. ಜೊತೆಗೆ ಅಮ್ಮ, 71 ವರ್ಷ. ಮೊದಲ ಮಹಡಿಯ ‘ಸೀ ಫೇಸಿಂಗ್’ ಕೋಣೆಗೆ ದಿನಕ್ಕೆ ಸಾವಿರ ರೂಪಾಯಿ ಜಾಸ್ತಿ ಕೇಳುತ್ತಿದ್ದಾರೆ. ಕೊಡಬಹುದೇ? — ವಿಜಯನಗರ

ಉ: ನಮ್ಮ ಕರಾವಳಿಯಲ್ಲಿ ಕಡಲು ಪಡುವಣಕ್ಕೆ. ಕಡಲಿಗೆ ಮುಖ ಮಾಡಿದ ಕೋಣೆ ಎಂದರೆ ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ಗಾಜಿಗೆ ನೇರ ಬಿಸಿಲು ಬೀಳುವ ಕೋಣೆ. ಅದು ಮೇಲಿನ ಮಹಡಿಯೂ ಆಗಿ ತಲೆಯ ಮೇಲೆ ಬರೀ ಆರ್‌ಸಿಸಿ ತಾರಸಿ ಇದ್ದರೆ, ಹಗಲು ಹೀರಿದ ಶಾಖವನ್ನು ತಾರಸಿ ರಾತ್ರಿ ಹನ್ನೊಂದರವರೆಗೂ ಕೆಳಗೆ ಬಿಡುತ್ತಿರುತ್ತದೆ. ಮಂಗಳೂರು ಹೆಂಚಿನ ಮಾಡು ಇದ್ದರೆ ಈ ಕಷ್ಟ ಕಡಿಮೆ. ಹೆಂಚು ಬೇಗ ಕಾದರೂ ಬೇಗ ಆರುತ್ತದೆ.

ಏಪ್ರಿಲ್‌ನಲ್ಲಿ, ವಯಸ್ಸಾದವರೊಂದಿಗೆ, ನೆಲಮಹಡಿಯ ತೋಟದ ಕಡೆಯ ಕೋಣೆಯೇ ಸರಿ. ಲಿಫ್ಟ್ ಇಲ್ಲದ ಹಳೇ ಕಟ್ಟಡದಲ್ಲಿ ಮೆಟ್ಟಿಲೂ ತಪ್ಪುತ್ತದೆ. ಇದೇ ಪ್ರಶ್ನೆ ಆಗಸ್ಟ್‌ನಲ್ಲಿ ಬಂದಿದ್ದರೆ ಉತ್ತರ ತಿರುಗುಮುರುಗಾಗುತ್ತಿತ್ತು: ಮಳೆಗಾಲದಲ್ಲಿ ನೆಲಮಹಡಿಯ ಗೋಡೆ ಮೊಣಕಾಲೆತ್ತರದವರೆಗೆ ತೇವ ಏರಿಸಿಕೊಂಡಿರುತ್ತದೆ, ಹಾಸಿಗೆಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ.

ದುಡ್ಡು ಕೊಟ್ಟು ಕಡಲ ನೋಟವೇ ಬೇಕೆಂದರೆ ಪದ ನೋಡಿ. ‘ಸೀ ಫೇಸಿಂಗ್’ ಎಂದರೆ ಕಡಲ ದಿಕ್ಕಿಗಿದೆ ಎಂದಷ್ಟೇ; ನಡುವೆ ಗಾಳಿಮರದ ತೋಪೇ ಇರಬಹುದು. ‘ಮಂಚದ ಮೇಲೆ ಕೂತರೆ ನೀರು ಕಾಣುತ್ತದೆಯೇ?’ ಎಂದು ಕೇಳುವುದು ವಾಸಿ.

ಪ್ರ: ಹೋದ ತಿಂಗಳು ಕರಾವಳಿಯ ಒಂದು ಹಳೇ ರೆಸಾರ್ಟ್‌ನಲ್ಲಿದ್ದೆವು. ಎ.ಸಿ. 18ಕ್ಕಿಟ್ಟು ಮಲಗಿದರೆ ಚಳಿ, ಆದರೆ ಹೊದಿಕೆಯೆಲ್ಲ ಜಿಗುಟು. ಹಳೇ ಸಾಕ್ಸಿನ ವಾಸನೆ ಬೇರೆ. ಬೆಳಗಿನ ಜಾವ ಎ.ಸಿ.ಯಿಂದ ಮಂಚದ ತಲೆಯ ಮೇಲೆ ನೀರು ತೊಟ್ಟಿಕ್ಕಿತು. ಮೇಯಲ್ಲಿ ಮತ್ತೆ ಹೋಗಬೇಕು. ಏನು ಮಾಡಬೇಕು? — ಬನಶಂಕರಿ

ಉ: ಮೂರೂ ಬೇರೆ ಬೇರೆ ರೋಗ. ಒಂದೊಂದಾಗಿ ನೋಡೋಣ.

ಜಿಗುಟು: ಹೊರಗೆ 30 ಡಿಗ್ರಿ ಸೆಕೆ, ಶೇ 80 ತೇವಾಂಶ ಇದ್ದರೆ ಗಾಳಿಯಲ್ಲಿನ ನೀರು 26 ಡಿಗ್ರಿಯ ಆಸುಪಾಸಿಗೇ ಹನಿಯಾಗುತ್ತದೆ. ನೀವು ಕೋಣೆಯನ್ನು 18ಕ್ಕೆ ತಂಪು ಮಾಡಿ, ಅಲೆ ನೋಡಲೆಂದು ಐದು ನಿಮಿಷ ಬಾಲ್ಕನಿ ಬಾಗಿಲು ತೆಗೆದಿಟ್ಟರೆ ಹೊರಗಿನ ಗಾಳಿ ಒಳಬಂದು ನೆಲ, ಕನ್ನಡಿ, ಹೊದಿಕೆ ಎಲ್ಲದರ ಮೇಲೂ ಬೆವರುತ್ತದೆ. ಬೆಂಗಳೂರಿನ ಒಣಗಾಳಿಯಲ್ಲಿ ಕಲಿತ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಎ.ಸಿ. 25ಕ್ಕಿಡಿ, ಬಾಗಿಲು ಮುಚ್ಚಿ, ಸೀಲಿಂಗ್ ಫ್ಯಾನ್ ಒಂದರಲ್ಲೋ ಎರಡರಲ್ಲೋ ಓಡಲಿ. ರಿಮೋಟ್‌ನಲ್ಲಿ ನೀರಹನಿಯ ಚಿತ್ರವಿರುವ ‘ಡ್ರೈ’ ಮೋಡ್ ಇದ್ದರೆ ಮಲಗುವ ಮುಂಚೆ ಒಂದು ಗಂಟೆ ಹಾಕಿ. ಬಾಗಿಲು ತೆಗೆದೇ ಕೂರಬೇಕೆಂದರೆ ಎ.ಸಿ. ಆರಿಸಿಬಿಡಿ. (ಕ್ಯಾಮೆರಾ ಇದ್ದವರಿಗೆ: ತಂಪು ಕೋಣೆಯಿಂದ ಹೊರತಂದ ಲೆನ್ಸ್ ಮಂಜಾಗುವುದೂ ಇದೇ ಕಾರಣಕ್ಕೆ. ಅರ್ಧ ಗಂಟೆ ಚೀಲದಲ್ಲೇ ಇಟ್ಟು ಹೊರಗಿನ ಶಾಖಕ್ಕೆ ಹೊಂದಿಸಿ.)

ವಾಸನೆ: ಫಿಲ್ಟರ್ ಮತ್ತು ಕಾಯಿಲ್ ಮೇಲೆ ಕೂತ ಬೂಷ್ಟು. ಕೋಣೆಗೆ ಕಾಲಿಟ್ಟ ಕೂಡಲೇ ಎ.ಸಿ. ಹಾಕಿ ಐದು ನಿಮಿಷ ಕಾಯಿರಿ. ವಾಸನೆ ಬರುವುದಾದರೆ ಆಗಲೇ ಬರುತ್ತದೆ. ರೂಮ್‌ಬಾಯ್‌ಗೆ ಹೇಳಿ ಮುಂದಿನ ಮುಚ್ಚಳ ಎತ್ತಿಸಿ. ಒಳಗಿನ ಎರಡು ಜಾಲರಿ ಫಿಲ್ಟರ್ ಕೈಯಲ್ಲೇ ಜಾರಿ ಬರುತ್ತವೆ. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಬೂದುಬಣ್ಣದ ಕಂಬಳಿಯಂತಿದ್ದರೆ ನಲ್ಲಿಯ ಕೆಳಗೆ ಹಿಂಭಾಗದಿಂದ ನೀರು ಹಾಯಿಸಿ ತೊಳೆಸಿ, ಕೊಡವಿ, ನೆರಳಲ್ಲಿ ಆರಿಸಿ ಮತ್ತೆ ಹಾಕಿಸಬೇಕು. ಕಾಲು ಗಂಟೆಯ ಕೆಲಸ. ರೂಮ್ ಫ್ರೆಶ್ನರ್ ಹೊಡೆದು ಹೋದರೆ ಸುಮ್ಮನಾಗಬೇಡಿ.

ತೊಟ್ಟಿಕ್ಕುವುದು: ಎ.ಸಿ. ಓಡುತ್ತಿರುವಷ್ಟು ಹೊತ್ತೂ ತೊಟ್ಟಿಕ್ಕಿದರೆ ನೀರು ಹೊರಹೋಗುವ ಪೈಪಿನಲ್ಲಿ ಪಾಚಿ ಕಟ್ಟಿಕೊಂಡಿದೆ ಎಂದರ್ಥ. ಹೊರಗಿನ ತುದಿಯಿಂದ ಊದಿದರೆ ಬಿಡುತ್ತದೆ. ಗಾಳಿ ಕ್ಷೀಣವಾಗಿ, ತಾಮ್ರದ ಪೈಪಿನ ಮೇಲೆ ಮಂಜುಗಡ್ಡೆ ಕೂತಿದ್ದು, ಆರಿಸಿದ ಮೇಲೆ ಸುರಿದರೆ ಫಿಲ್ಟರ್ ಕಟ್ಟಿದೆ ಅಥವಾ ಗ್ಯಾಸ್ ಕಡಿಮೆಯಾಗಿದೆ. ಮೊದಲನೆಯದು ಅಲ್ಲೇ ರಿಪೇರಿಯಾಗುತ್ತದೆ, ಎರಡನೆಯದು ನಿಮ್ಮ ಎರಡು ರಾತ್ರಿಯೊಳಗೆ ಆಗುವುದು ಅನುಮಾನ. ಹೊರಗಿನ ಘಟಕವನ್ನೂ ಒಮ್ಮೆ ನೋಡಿ: ಅದರ ಹಿಂದಿನ ತೆಳು ಅಲ್ಯುಮಿನಿಯಂ ಎಸಳುಗಳು ಉಪ್ಪಿಗೆ ಬಿಳಿಪುಡಿಯಾಗಿ ಉದುರುತ್ತಿದ್ದರೆ ಶಾಖ ಹೊರಹೋಗುವ ದಾರಿಯೇ ಇಲ್ಲ. ಅಂಥ ಎ.ಸಿ.ಗೆ ಗ್ಯಾಸ್ ತುಂಬಿಸಿದರೂ ಪ್ರಯೋಜನವಿಲ್ಲ. ಚೀಲ ಬಿಚ್ಚುವ ಮುಂಚೆಯೇ ಕೋಣೆ ಬದಲಾಯಿಸಿಕೊಳ್ಳಿ. ಬಿಚ್ಚಿ ಹರಡಿದ ಮೇಲೆ ನಿಮಗೂ ಬೇಸರ, ಅವರಿಗೂ ಸಬೂಬು.

ಪ್ರ: ಒಂದೇ ಕೋಣೆಯಲ್ಲಿ ನಾವು ನಾಲ್ವರು. ಗೀಸರ್ ಚಿಕ್ಕದು, ಮೂರನೆಯವರ ಸ್ನಾನಕ್ಕೇ ತಣ್ಣೀರು. ಸಾಬೂನು ನೊರೆಯೇ ಬರುವುದಿಲ್ಲ. ಉಪಾಯವಿದೆಯೇ? — ಯಲಹಂಕ

ಉ: ಹೋಟೆಲ್ ಕೋಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 15 ಲೀಟರಿನ, 2 ಕಿಲೋವಾಟ್ ಗೀಸರ್. ನೀರನ್ನು 30 ಡಿಗ್ರಿಯಷ್ಟು ಏರಿಸಲು ಅದಕ್ಕೆ ಸುಮಾರು 16 ನಿಮಿಷ ಬೇಕು. 60 ಡಿಗ್ರಿಗೆ ಕಾದ 15 ಲೀಟರಿಗೆ ಕರಾವಳಿಯ ನಲ್ಲಿನೀರು ಬೆರೆಸಿದರೆ ಸ್ನಾನದ ಹದಕ್ಕೆ ಸುಮಾರು 40 ಲೀಟರ್, ಅಂದರೆ ಎರಡು ಬಕೆಟ್. ಶವರ್ ಕೆಳಗೆ ನಿಂತರೆ ಅದು ಒಬ್ಬರಿಗೇ ಮುಗಿಯುತ್ತದೆ. ಬಕೆಟ್ ಹಿಡಿದು ಇಬ್ಬರು ಮೀಯಿರಿ, ಇಪ್ಪತ್ತು ನಿಮಿಷ ಬಿಟ್ಟು ಉಳಿದಿಬ್ಬರು. ಇನ್ನೂ ಸುಲಭದ ದಾರಿ ಸಂಜೆಯ ಸ್ನಾನ: ತಾರಸಿಯ ಟ್ಯಾಂಕ್ ನೀರು ನಾಲ್ಕು ಗಂಟೆಯ ಹೊತ್ತಿಗೆ ತಾನೇ ಬೆಚ್ಚಗಿರುತ್ತದೆ, ಕಡಲಿಂದ ಬಂದವರಿಗೆ ಅದೇ ಸಾಕು.

ನೊರೆ ಬಾರದಿರುವುದು ಬೋರ್‌ವೆಲ್ ನೀರಿನ ಗಡಸಿನಿಂದ, ಉಪ್ಪಿನಿಂದ. ಸಾಬೂನಿನ ಬದಲು ಶ್ಯಾಂಪೂ ಅಥವಾ ಬಾಡಿವಾಷ್ ಒಯ್ಯಿರಿ. ಗಡಸು ನೀರಲ್ಲೂ ನೊರೆ ಕೊಡುತ್ತವೆ. ಚಹಾಕ್ಕೆ ನಲ್ಲಿನೀರು ಬೇಡ, ಕ್ಯಾನ್ ನೀರು ಕೇಳಿ. ಕೆಟಲ್‌ನಲ್ಲಿ ಒಮ್ಮೆ ನೀರು ಕುದಿಸಿ ಚೆಲ್ಲಿಯೇ ಬಳಸಿ. ಹಿಂದಿನವರು ಅದರಲ್ಲಿ ಏನೇನು ಬೇಯಿಸಿದ್ದಾರೋ.

ಎರಡು ವಿಷಯದಲ್ಲಿ ಮಾತ್ರ ಹೊಂದಾಣಿಕೆ ಬೇಡ. ನಲ್ಲಿ ಮುಟ್ಟಿದಾಗ ಚುರ್ ಎಂದರೆ ಅರ್ತಿಂಗ್ ಕೆಟ್ಟಿದೆ. ಆಚೆ ಬಂದು, ಒದ್ದೆ ಕೈ ಒರೆಸಿಕೊಂಡು, ಹೊರಗಿನ ಸ್ವಿಚ್ ಆರಿಸಿ, ಬೇರೆ ಕೋಣೆ ಕೇಳಿ. ಎರಡನೆಯದು, ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದ್ದು, ಗಾಳಿಗೆ ಕಿಂಡಿಯಿಲ್ಲದಿದ್ದರೆ ಅದನ್ನು ಹಚ್ಚಲೇಬೇಡಿ. ಮುಚ್ಚಿದ ಜಾಗದಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ.

ಪ್ರ: ರಾತ್ರಿ ರೈಲಿಗೆ ಹತ್ತಿದರೆ ಬೆಳಿಗ್ಗೆಯೇ ಗೋಕರ್ಣ ರೋಡ್. ಚೆಕ್-ಇನ್ ಮಧ್ಯಾಹ್ನ ಒಂದಕ್ಕಂತೆ. ಅಲ್ಲಿವರೆಗೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಕೂರುವುದು? — ಕೆಂಗೇರಿ

ಉ: ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವ ಎಲ್ಲರ ಸಮಸ್ಯೆ ಇದು. ಫೋನ್ ಮಾಡಿ ‘ಫ್ರೆಶ್ ಅಪ್ ರೂಮ್’ ಇದೆಯೇ ಕೇಳಿ. ಸ್ನಾನ ಮಾಡಿ ಬಟ್ಟೆ ಬದಲಿಸಲು ಒಂದು ಕೋಣೆ, ಲಗೇಜ್‌ಗೆ ರಿಸೆಪ್ಷನ್. ತಿಂಡಿ ದುಡ್ಡು ಕೊಟ್ಟು ಅಲ್ಲೇ ತಿನ್ನುತ್ತೇವೆ ಎಂದರೆ ಬಹಳ ಕಡೆ ಒಪ್ಪುತ್ತಾರೆ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಕೋಣೆ ಖಾಲಿಯಿದ್ದು, ಬೇಗ ಕೊಡುವ ಸಂಭವವೇ ಹೆಚ್ಚು. ಶನಿವಾರ ಆ ಆಸೆ ಬೇಡ.

ಲೆಕ್ಕವನ್ನೂ ನೋಡಿ. ಶುಕ್ರವಾರ ಒಂದಕ್ಕೆ ಒಳಹೋಗಿ ಶನಿವಾರ ಹನ್ನೊಂದಕ್ಕೆ ಬಿಟ್ಟರೆ ಸಿಕ್ಕಿದ್ದು 22 ಗಂಟೆ. ಒಂದೇ ರಾತ್ರಿಯ ಪ್ರವಾಸ ಹೀಗೆ ಅಲೆದಾಟದಲ್ಲೇ ಕಳೆಯುತ್ತದೆ. ಎರಡು ರಾತ್ರಿ ಕನಿಷ್ಠ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಯಶವಂತಪುರದಿಂದ ಹೊರಡುವ ಹಗಲು ರೈಲು ಹಿಡಿಯಿರಿ. ಅದು ಪ್ರತಿದಿನ ಇಲ್ಲ, ವೇಳಾಪಟ್ಟಿ ನೋಡಿಕೊಂಡೇ ಕೋಣೆ ಕಾಯ್ದಿರಿಸಿ.

ಪ್ರ: ಬಿಲ್ಲಿನಲ್ಲಿ ಜಿಎಸ್‌ಟಿ, ಸರ್ವಿಸ್ ಚಾರ್ಜ್, ‘ಎ.ಪಿ.ಎಸ್.’ ಎಂದೆಲ್ಲ ಇರುತ್ತದಲ್ಲ, ಯಾವುದು ಕೊಡಬೇಕಾದ್ದು? — ಬಸವನಗುಡಿ

ಉ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18, ಅದೂ ಪೂರ್ತಿ ಮೊತ್ತದ ಮೇಲೆ. 7,200ರ ಕೋಣೆ ತೆರಿಗೆ ಸೇರಿ 7,560 ಆದರೆ, 7,800ರದ್ದು 9,204. ಆರುನೂರರ ಅಂತರ ಹದಿನಾರುನೂರು ದಾಟಿತು! ಗೆರೆಯ ಆಸುಪಾಸಿನಲ್ಲಿದ್ದರೆ ಚೌಕಾಸಿ ಮಾಡಿ ಕೆಳಗಿಳಿಸಿಕೊಳ್ಳಿ.

ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಕ್ರಿಸ್‌ಮಸ್, ಡಿಸೆಂಬರ್ 31ರ ರಾತ್ರಿ ‘ಗಾಲಾ ಡಿನ್ನರ್’ ಕಡ್ಡಾಯ ಎಂಬ ಸಾಲು ಬುಕಿಂಗ್ ಷರತ್ತಿನಲ್ಲೇ ಅಡಗಿರುತ್ತದೆ, ಮೊದಲೇ ಓದಿಕೊಳ್ಳಿ.

‘ಎ.ಪಿ.ಎಸ್.’ ಎಂದರೆ ಮೀನಿನ ಗಾತ್ರಕ್ಕೆ ತಕ್ಕ ದರ. ಮೀನು ಬಾಣಲೆಗೆ ಬೀಳುವ ಮುಂಚೆ ತರಿಸಿ ನೋಡಿ: ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಲ್ಲಿ ಒತ್ತಿದ ಗುಳಿ ಮತ್ತೆ ಮೇಲೇಳಬೇಕು. ತೂಕ ತಲೆ ಸಮೇತವೋ, ಕೊಯ್ದ ಮೇಲೋ ಕೇಳಿ, ದರವನ್ನು ಬಾಯಲ್ಲೇ ಹೇಳಿಸಿಕೊಳ್ಳಿ. ನಮ್ಮ ಮಾತು ಕೇಳುವುದಾದರೆ ರೆಸಾರ್ಟ್‌ನಲ್ಲಿ ಅಂಜಲ್‌ಗೆ ದುಡ್ಡು ಸುರಿಯುವ ಬದಲು ಪೇಟೆಯ ಊಟದ ಹೋಟೆಲಿಗೆ ಹೋಗಿ ಬಂಗುಡೆ ಊಟ ಮಾಡಿ.

ಪ್ರ: ಜುಲೈನಲ್ಲಿ ಅರ್ಧ ಬಾಡಿಗೆ ಎನ್ನುತ್ತಿದ್ದಾರೆ. ಹೋಗಬಹುದೇ? — ರಾಜಾಜಿನಗರ

ಉ: ಮಳೆ ನೋಡಲು ಹೋಗಿ, ಈಜಲು ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಮೆನುವಿನಲ್ಲಿರುವ ಮೀನು ಬಹುಪಾಲು ಮಂಜುಗಡ್ಡೆಯದ್ದು. ಶಿರಾಡಿಯಲ್ಲಿ ಗುಡ್ಡ ಕುಸಿದರೆ ರಸ್ತೆ, ರೈಲು ಎರಡೂ ನಿಲ್ಲುವ ಸಂದರ್ಭ ಇರುತ್ತದೆ. ಕೋಣೆಯನ್ನು ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲೇ ಹಿಡಿಯಿರಿ, ಇನ್ನೂರು ರೂಪಾಯಿ ಜಾಸ್ತಿಯಾದರೂ ಸರಿ.

ಪ್ರ: ಮಕ್ಕಳು 6 ಮತ್ತು 10 ವರ್ಷದವರು. ರೆಸಾರ್ಟ್‌ನ ಹಳೇ ಈಜುಕೊಳ ಸುರಕ್ಷಿತವೋ, ಕಡಲೋ? — ಹೆಬ್ಬಾಳ

ಉ: ಎರಡನ್ನೂ ನೀರಿಗಿಳಿಯುವ ಮುಂಚೆ ಐದು ನಿಮಿಷ ನಿಂತು ನೋಡಬೇಕು.

ಕೊಳದ ಆಳದ ಕಡೆ ಅಂಚಿನಲ್ಲಿ ನಿಂತು ತಳದ ಜಾಲರಿ ಸ್ಪಷ್ಟವಾಗಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಇಳಿಯಬೇಡಿ, ನೀರು ಕೆಟ್ಟಿದೆ, ಮುಳುಗಿದವರೂ ಕಾಣುವುದಿಲ್ಲ. ಜಾಲರಿಯೇ ಕಿತ್ತುಹೋಗಿದ್ದರೆ ಖಂಡಿತ ಬೇಡ. ಪಂಪಿನ ಎಳೆತಕ್ಕೆ ಮಗುವಿನ ಕೂದಲೋ ಕೈಯೋ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಕಣ್ಣುರಿಯುವಷ್ಟು ಘಾಟು ಇದ್ದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಎಂದುಕೊಳ್ಳಬೇಡಿ. ಬೆವರು-ಮೂತ್ರದೊಡನೆ ಸೇರಿ ಕ್ಲೋರಮಿನ್ ಆದಾಗ ಬರುವ ವಾಸನೆ ಅದು. ಇನ್ನು ಆಳದ ಅಂಕಿ. ಅಂಚಿನಲ್ಲಿ ‘1.5’ ಎಂದಷ್ಟೇ ಬರೆದಿದ್ದರೆ ಅದು ಒಂದೂವರೆ ಅಡಿಯಲ್ಲ, ಮೀಟರ್. ಸುಮಾರು ಐದಡಿ. ಹಳೇ ಕೊಳಗಳಲ್ಲಿ ಮೂರಡಿಯಿಂದ ಥಟ್ಟನೆ ಆರಡಿಗೆ ಇಳಿಯುವುದೂ ಉಂಟು, ನೀವೇ ಮೊದಲು ನಡೆದು ನೋಡಿ.

ಕಡಲಲ್ಲಿ ಅಲೆ ಒಡೆಯುವ ಜಾಗಕ್ಕಿಂತ ಒಡೆಯದ ಜಾಗಕ್ಕೆ ಹೆದರಬೇಕು. ಎರಡು ಕಡೆ ಬಿಳಿನೊರೆ ಎದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಗಾಢವಾಗಿ, ಮರಳು ಕಲಡಿ ಒಳಕ್ಕೆ ಸರಿಯುತ್ತಿದ್ದರೆ ಅದೇ ಸೆಳೆತ. ಹೊಸಬರು ‘ಇಲ್ಲಿ ಅಲೆ ಕಮ್ಮಿ’ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದತ್ತ ನೇರ ಈಜಿ ಸುಸ್ತಾಗಬೇಡಿ. ತೇಲಿಕೊಂಡು ಕೈ ಎತ್ತಿ ಕರೆಯಿರಿ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬನ್ನಿ. ಮಕ್ಕಳಿಗೆ ಅವರ ಮೊಣಕಾಲೇ ಗಡಿ, ಕೈ ನಿಮ್ಮ ಕೈಯಲ್ಲಿ. ಕೆಂಪು ಬಾವುಟ ಇದ್ದರೆ ಮರಳಲ್ಲಿ ಗುಬ್ಬಿಗೂಡು ಕಟ್ಟಿಕೊಂಡಿರಲಿ. ಜೀವರಕ್ಷಕರು ಶಿಳ್ಳೆ ಹೊಡೆದರೆ ವಾದ ಬೇಡ.

ಪ್ರ: ತಿಗಣೆ ಇದೆಯೋ ಇಲ್ಲವೋ ನೋಡುವುದು ಹೇಗೆ? — ಕೆ.ಆರ್. ಪುರ

ಉ: ತಲೆದಿಂಬಿನ ಕಡೆಯ ಮೂಲೆಯಲ್ಲಿ ಹಾಸಿಗೆ ಎತ್ತಿ, ಅಂಚಿನ ಹೊಲಿಗೆಯನ್ನು ಬಿಡಿಸಿ, ಫೋನಿನ ಟಾರ್ಚ್ ಹಾಕಿ. ಪೆನ್ನಿನ ತುದಿ ತಾಗಿಸಿದಂಥ ಕಪ್ಪು ಚುಕ್ಕೆಗಳ ಸಾಲು ಇದ್ದರೆ ತಿಗಣೆ. ಮಂಚದ ತಲೆಹಲಗೆಯ ಹಿಂದೆಯೂ ನೋಡಿ. ಅಲ್ಲಿಯವರೆಗೆ ಚೀಲ ಬಾತ್‌ರೂಮಿನ ಟೈಲ್ಸ್ ಮೇಲಿರಲಿ, ಮಂಚದ ಮೇಲೆ ಬೇಡ.

ಪ್ರ: ಒದ್ದೆ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಕಾರಿಗೂ ಉಪ್ಪು ಹಿಡಿಯುತ್ತದಂತೆ? — ಜೆ.ಪಿ. ನಗರ

ಉ: ಕಡಲಲ್ಲಿ ಮಿಂದ ಬಟ್ಟೆಯನ್ನು ಮೊದಲು ಸಿಹಿನೀರಲ್ಲಿ ಎರಡು ಸಲ ಜಾಲಿಸಿ, ಉಪ್ಪು ಉಳಿದರೆ ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಒಣಗದಿರಲು ಮುಖ್ಯ ಕಾರಣ ಇದೇ. ಆಮೇಲೆ ಒಣ ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುತ್ತಿ, ಎರಡೂ ತುದಿ ಹಿಡಿದು ಹಿಂಡಿ. ಫ್ಯಾನ್ ಕೆಳಗೆ ಕುರ್ಚಿಯ ಬೆನ್ನಿಗೆ ಹಾಕಿ, ‘ಡ್ರೈ’ ಮೋಡ್ ಇಟ್ಟರೆ ಬೆಳಿಗ್ಗೆಗೆ ತೊಡುವಂತಿರುತ್ತದೆ. ಬಾಲ್ಕನಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಇನ್ನಷ್ಟು ಒದ್ದೆ.

ಎರಡು ದಿನಕ್ಕೆ ಕಾರು ತುಕ್ಕು ಹಿಡಿಯುವುದಿಲ್ಲ, ಆದರೆ ಮರಳಿಗೆ ಇಳಿಸಿದ್ದರೆ ಬೆಂಗಳೂರಿಗೆ ಬಂದ ವಾರದೊಳಗೆ ಅಡಿಭಾಗವನ್ನು ನೀರಿನ ಒತ್ತಡದಲ್ಲಿ ತೊಳೆಸಿ. ಗಾಜಿನ ಮೇಲಿನ ಉಪ್ಪುಪೊರೆಗೆ ಒಣ ವೈಪರ್ ಓಡಿಸಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಸುರಿಯಿರಿ. ಮತ್ತೆ, ಎಷ್ಟೇ ನೆರಳಿದ್ದರೂ ತೆಂಗಿನಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ.